ಎಮ್ಮೆ ಎಲ್ರೀ?

ನಗಿಸುವ ಕೆಲಸಕ್ಕೆ ಬರಬೇಕೆಂದು ನನ್ನ ಮನೆಗೆ ಬರುವ ಹುಡುಗಿಯರಿಗೆ ನಾನು ಮೊದಲು ಕಾಫಿ ಕೊಡುತ್ತೇನೆ. ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: "ಸುಮ್ನೆ ನಿಂತ್ಕೊಳ್ಳೋಕೆ ಬರುತ್ತೇನಮ್ಮಾ?" ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮಿಮಿಕ್ರಿ ಬರುತ್ತೆ ಆಂಟಿ, ಡ್ಯಾನ್ಸ್ ಬರುತ್ತೆ ಆಂಟಿ, ಗ್ಲಿಸರಿನ್ ಇಲ್ಲದೆ ಅಳೋಕೂ ಬರುತ್ತೆ ಆಂಟಿ ಎನ್ನುತ್ತಾರೆ. ಸುಮ್ಮನೆ ನಿಲ್ಲಲು ಬರುತ್ತದೆ ಎಂದವರು ಇದುವರೆಗೆ ಒಬ್ಬರೂ ಇಲ್ಲ. ನನಗೂ ಬರುತ್ತಿರಲಿಲ್ಲ ಬಿಡಿ.

ಈಗ ನಾನು ಬಣ್ಣ ಹಚ್ಚುವುದನ್ನು ಬಿಟ್ಟಿದ್ದೇನೆ. ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ, ಮೇಕಪ್ ಹಾಕಿದರೆ ಮುಖವೆಲ್ಲ ತುರಿಕೆ. ಬೆಳಿಗ್ಗೆ ಯಡಿಯೂರು ಕೆರೆಯ ಸುತ್ತ ನಡೆಯುವಾಗ ಯಾರಾದರೂ ಗುರುತು ಹಿಡಿದು, ಯಾವ ದೊಡ್ಡ ನಟರ ಜತೆ ನಟಿಸಿದಿರಿ, ಎಷ್ಟು ಸನ್ಮಾನ ಆಯಿತು ಎಂದು ಕೇಳುತ್ತಾರೆ. ಅದನ್ನು ಬರೆಯಲು ಕೂತರೆ ಅರ್ಧ ಪುಟವೂ ತುಂಬುವುದಿಲ್ಲ. ಬರೆಯುವುದಾದರೆ ಹನುಮಂತಣ್ಣನ ವಿಷಯ ಬರೆಯಬೇಕು. ಸುಮ್ಮನೆ ನಿಲ್ಲುವುದನ್ನು ನನಗೆ ಕಲಿಸಿದವರು ಅವರು. ಆ ವಿದ್ಯೆಯಿಂದಲೇ ಒಂದು ಸಲ ನನ್ನ ಕೆಲಸ ಹೋಗುವುದರಲ್ಲಿತ್ತು. ಅದೇ ವಿದ್ಯೆಯನ್ನು ಕೊನೆಗೆ ಅವರಿಗೇ ವಾಪಸ್ಸು ಕೊಡಬೇಕಾಗಿ ಬಂತು.

ನಾನು ನಾಟಕ ಕಂಪನಿಗೆ ಸೇರಿದ್ದು ನಾಯಕಿಯಾಗಲು. ಆಗ ನನಗೆ ಉದ್ದ ಜಡೆ ಇತ್ತು, ಕಂಠ ಚೆನ್ನಾಗಿತ್ತು, ಧೈರ್ಯವಂತೂ ಹೇಳತೀರದು. ಮಾಲೀಕರು ಒಂದು ದುಃಖದ ಸೀನು ಮಾಡಿ ತೋರಿಸು ಎಂದರು. ಗಂಡ ಸತ್ತ ಹೆಂಗಸಿನ ಹಾಗೆ ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ. ನೋಡುತ್ತಾ ಕೂತಿದ್ದ ಅಡುಗೆಯವರಿಂದ ಹಿಡಿದು ಪರದೆ ಎಳೆಯುವವರ ತನಕ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಲೀಕರು ಕಣ್ಣೊರೆಸಿಕೊಳ್ಳುತ್ತಾ, "ದೇವ್ರು ಕೊಟ್ಟಿದ್ದನ್ನ ಬೇಡ ಅನ್ಬಾರ್ದು ಕಣಮ್ಮಾ, ನಾಳೆಯಿಂದ ನೀನು ಹಾಸ್ಯದ ಪಾತ್ರ ಮಾಡು" ಎಂದರು.

ಟೆಂಟಿನ ಹಿಂದೆ ಹೋಗಿ ನಿಜವಾಗಿಯೇ ಅತ್ತೆ. ಕಂಪನಿಯ ಹಾಸ್ಯನಟ ಹನುಮಂತಣ್ಣ ಬೀಡಿ ಸೇದುತ್ತಾ ಅಲ್ಲೇ ನಿಂತಿದ್ದರು. ಬಿದಿರಿನ ಗಳದಂಥ ಮೈ, ಮೇಲೆ ಇಷ್ಟು ದಪ್ಪ ಮೀಸೆ. "ಅಳು ಅಳು, ಚೆನ್ನಾಗಿ ಅಳು. ಆದ್ರೆ ಹೆಂಗೆ ಅಳ್ತಾ ಇದೀಯ ಅಂತ ನೆನಪಿಟ್ಕೋ, ನಾಳೆ ಸೀನಲ್ಲಿ ಬೇಕಾಗುತ್ತೆ" ಎಂದರು. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಅವತ್ತಿನಿಂದ ಕಂಪನಿ ಮುಚ್ಚುವ ತನಕ ನಾವಿಬ್ಬರೂ ಹಾಸ್ಯದ ಜೋಡಿ.

ನಮ್ಮ ಜೋಡಿಗೆ ಹೆಸರು ತಂದದ್ದು ಎಮ್ಮೆಯ ಸೀನು. ಗಂಡ ಸಂತೆಯಲ್ಲಿ ಎಮ್ಮೆ ಮಾರಿ ಬರುತ್ತೇನೆಂದು ಹೋಗಿ, ಎಮ್ಮೆಯನ್ನೇ ಕಳೆದುಕೊಂಡು ಬರೀ ಹಗ್ಗ ಹಿಡಿದು ಮನೆಗೆ ಬರುತ್ತಾನೆ. ಹೆಂಡತಿ ಹಗ್ಗದ ತುದಿ ನೋಡಿ ಕೇಳುತ್ತಾಳೆ: "ಎಮ್ಮೆ ಎಲ್ರೀ?" ಅವನು ಹೇಳುತ್ತಾನೆ: "ಅದೂ ನಿನ್ನನ್ನೇ ಕೇಳ್ತಿತ್ತು ಕಣೇ." ಅದಕ್ಕೆ ಅವಳು: "ಕೇಳ್ದೆ ಇರುತ್ತಾ? ಒಂದೇ ಯಜಮಾನನ ಕೈಲಿ ಕಷ್ಟಪಟ್ಟೋರಲ್ವಾ ನಾವಿಬ್ರೂ!"

ಇಷ್ಟೇ ಮಾತು. ಮೊದಲ ದಿನ ನಾನು ನನ್ನ ಎರಡನ್ನೂ ಗಡಗಡ ಒಪ್ಪಿಸಿ ಮುಗಿಸಿದೆ. ಹನುಮಂತಣ್ಣನ ಮಾತಿಗೆ ಜನ ನಗಲು ಶುರುಮಾಡಿದ್ದರು, ನಾನು ಅದರ ಮೇಲೆಯೇ ನನ್ನ ಮಾತು ಎಸೆದೆ. ನನ್ನದು ಯಾರಿಗೂ ಕೇಳಿಸಲಿಲ್ಲ. ಒಳಗೆ ಬಂದ ಕೂಡಲೇ ಹನುಮಂತಣ್ಣ ಉರಿದುಬಿದ್ದರು. "ಜನ ಇನ್ನೂ ಊಟ ಮಾಡ್ತಾ ಇದಾರೆ, ಎಲೆ ಎತ್ಬಿಟ್ಯಲ್ಲೇ! ನಗು ಬಂದ್ರೆ ನಿಲ್ಲು. ಅವ್ರು ಉಂಡು ಕೈ ತೊಳ್ಕೊಳ್ಳೋವರ್ಗೂ ಸುಮ್ನೆ ನಿಲ್ಲು. ಅದು ಅವ್ರ ಜಾಗ, ನಿಂದಲ್ಲ."

ನಗುವಿಗೆ ಜಾಗ ಬಿಡುವುದು ಎಂದರೆ ಅದು. ಹೇಳುವುದು ಸುಲಭ. ಎದುರಿಗೆ ಜನ ತುಂಬಿರುವಾಗ ಬಾಯಲ್ಲಿ ಮಾತು ಇಟ್ಟುಕೊಂಡು ಸುಮ್ಮನಿರುವುದು ಎಷ್ಟು ಕಷ್ಟ ಎಂದು ನಿಂತವರಿಗೇ ಗೊತ್ತು. ನನಗೆ ಅದು ರೂಢಿಯಾಗಲು ಒಂದೂರಿನಲ್ಲಿ ಟೆಂಟು ಹಾಕಿದ ಇಡೀ ಕ್ಯಾಂಪ್ ಹಿಡಿಯಿತು. ರೂಢಿಯಾದ ಮೇಲೆ ನಗು ಏಳುವುದು, ತುಂಬುವುದು, ಇಳಿಯುವುದು ಎಲ್ಲ ಅಂಗಾಲಿಗೇ ತಿಳಿಯುತ್ತಿತ್ತು. ಇಳಿಯುತ್ತಿರುವಾಗ ನನ್ನ ಮಾತು ಬಿಟ್ಟರೆ ಸಾಕು, ಹಿಂದಿನ ಸಾಲಿನಿಂದ ಶಿಳ್ಳೆ, ಒನ್ಸ್ ಮೋರ್. ಆ ಸುಖವನ್ನು ಯಾವ ಸಂಬಳಕ್ಕೂ ಹೋಲಿಸಲಾರೆ.

ಊರೂರಲ್ಲಿ ವಿಡಿಯೋ ಬಂತು, ಟಿವಿ ಬಂತು, ಕಂಪನಿ ಮುಚ್ಚಿತು. ನನ್ನ ಯಜಮಾನರು ಅದೇ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರು. ನಾವಿಬ್ಬರೂ ಬೆಂಗಳೂರಿಗೆ ಬಂದು ಯಡಿಯೂರಿನಲ್ಲಿ ಬಾಡಿಗೆ ಮನೆ ಹಿಡಿದೆವು. ಅವರು ಮಕ್ಕಳಿಗೆ ಸಂಗೀತ ಪಾಠ ಹೇಳಿದರು, ನಾನು ಸಿನಿಮಾದವರ ಬಾಗಿಲು ಕಾಯ್ದೆ. ಹನುಮಂತಣ್ಣ ಸುದ್ದಗುಂಟೆಪಾಳ್ಯದಲ್ಲಿದ್ದ ಮಗಳು ಪದ್ಮಳ ಮನೆಗೆ ಬಂದು, ಮದುವೆ ಛತ್ರವೊಂದರಲ್ಲಿ ಸ್ಟೋರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಸಿನಿಮಾಕ್ಕೆ ಬನ್ನಿ ಅಣ್ಣ ಎಂದು ಕರೆದರೆ ಬರಲಿಲ್ಲ. "ನಗು ಕೇಳಿಸ್ದೆ ಇರೋ ಕೆಲ್ಸ ನಂಗ್ಯಾಕೆ? ಇಲ್ಲಿ ಅಡುಗೆಭಟ್ರಾದ್ರೂ ನಗ್ತಾರೆ" ಎಂದರು.

ಸಿನಿಮಾದಲ್ಲಿ ನನ್ನ ಮೊದಲ ಪಾತ್ರ ಹೊಟ್ಟೆಬಾಕ ಅತ್ತೆಯದು. ತಟ್ಟೆ ತುಂಬ ಇಡ್ಲಿ, ನಾನು ತಿನ್ನುತ್ತಲೇ ಇರಬೇಕು, ಸೊಸೆ ಬೆರಗಾಗಿ ನೋಡಬೇಕು. ನಮ್ಮ ಕಂಪನಿಯಲ್ಲಿ ಲಾಡು ಅಂದರೆ ಹತ್ತಿಗೆ ಹಳದಿ ಬಣ್ಣ ಬಳಿದದ್ದು, ವಡೆ ಅಂದರೆ ಮಣ್ಣಿನದು. ಇಲ್ಲಿ ಬಿಸಿಬಿಸಿ ನಿಜವಾದ ಇಡ್ಲಿ ಕಂಡು ನನಗೆ ಖುಷಿಯೋ ಖುಷಿ. ಪಾತ್ರಕ್ಕೆ ನ್ಯಾಯ ಸಲ್ಲಿಸಬೇಕೆಂದು ಪ್ರತಿ ಟೇಕಿನಲ್ಲೂ ಅಚ್ಚುಕಟ್ಟಾಗಿ ಅಗಿದು ನುಂಗಿದೆ. ಸೊಸೆ ಪಾತ್ರದ ಹುಡುಗಿ ಮತ್ತೆ ಮತ್ತೆ ಮಾತು ತಪ್ಪಿದಳು, ನಾನು ಮತ್ತೆ ಮತ್ತೆ ತಿಂದೆ. ಕಡೆಗೆ ಕಣ್ಣು ಮೇಲಕ್ಕೆ ಹೋದಾಗ ಮೇಕಪ್‌ನವರು ಓಡಿ ಬಂದು, "ಅಯ್ಯೋ ಕಮಲಮ್ಮಾ, ನುಂಗ್ತಾ ಇದ್ರಾ? ಕಟ್ ಅಂದ್ ತಕ್ಷಣ ಉಗೀಬೇಕು, ಪಕ್ಕದಲ್ಲಿ ಬಕೆಟ್ ಇಟ್ಟಿಲ್ವಾ!" ಎಂದರು. ಅಲ್ಲಿಯ ತನಕ ಆ ಬಕೆಟ್ಟು ಕೈತೊಳೆಯಲು ಎಂದುಕೊಂಡಿದ್ದೆ.

ಇಡ್ಲಿಯದು ನಗುವ ವಿಷಯ. ನಗಲಾಗದ ವಿಷಯವನ್ನೂ ಹೇಳಿಬಿಡುತ್ತೇನೆ. ಆಗ ಸಿನಿಮಾದಲ್ಲಿ ಹಾಸ್ಯದ ಹೆಂಗಸಿಗೆ ಕೊಡುತ್ತಿದ್ದ ಕೆಲಸ ಬೀಳುವುದು, ಪೊರಕೆ ಏಟು ತಿನ್ನುವುದು, ದಪ್ಪಗಿದ್ದೀಯ ಎಂದು ಅನ್ನಿಸಿಕೊಳ್ಳುವುದು. ಕಂಪನಿಯಲ್ಲಿ ನಾನು ದಪ್ಪ ಎಂದು ಯಾರಾದರೂ ಅಂದರೆ ತಿರುಗಿ ಎರಡರಷ್ಟು ಅನ್ನುವ ಮಾತು ನನ್ನ ಬಾಯಲ್ಲಿರುತ್ತಿತ್ತು. ಇಲ್ಲಿ ಏಟು ತಿಂದು ಫ್ರೇಮಿನಿಂದ ಆಚೆ ಹೋಗಬೇಕು, ಅಷ್ಟೇ. ಮನೆಗೆ ಬಂದು ಯಜಮಾನರ ಹತ್ತಿರ ಹೇಳಿಕೊಂಡು ಎಷ್ಟೋ ಸಲ ಅತ್ತಿದ್ದೇನೆ. ಹುಡುಗಿಯರೇ, ನೀವು ಈ ಕೆಲಸಕ್ಕೆ ಬಂದಾಗ ನಿಮ್ಮ ಮೈ ನೋಡಿ ಬರೆದ ಪಾತ್ರ ಬಂದೇ ಬರುತ್ತದೆ. ತಿರುಗಿ ಹೇಳಲು ಒಂದು ಮಾತಾದರೂ ಕೊಡಿ ಎಂದು ಕೇಳಿ. ಕೇಳಿದರೆ ಹಲವರು ಕೊಡುತ್ತಾರೆ, ನಾನೇ ತಡವಾಗಿ ಕೇಳಲು ಕಲಿತೆ.

ತೊಂಬತ್ತರ ದಶಕದಲ್ಲಿ ಸೀರಿಯಲ್ಲುಗಳು ಶುರುವಾದವು. ಮಾತಿರುವ ಪಾತ್ರ ಎಂದು ಓಡಿಹೋದೆ. ಶೂಟಿಂಗು ಜಯನಗರದ ಒಂದು ಹಳೆಯ ಮನೆಯಲ್ಲಿ. ಮನೆಯ ಯಜಮಾನಿ ರಾಜಮ್ಮನವರು ನಿವೃತ್ತ ಹೆಡ್ ಮಿಸ್ಸು. ಹಾಲನ್ನೂ ವೆರಾಂಡವನ್ನೂ ಶೂಟಿಂಗಿಗೆ ಬಿಟ್ಟು, ತಾವು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವರು ನಕ್ಕದ್ದನ್ನು ನಮ್ಮ ಯೂನಿಟ್ಟಿನಲ್ಲಿ ಯಾರೂ ಕಂಡಿರಲಿಲ್ಲ. ಲೈಟಿನವರು ಗೋಡೆಗೆ ಏಣಿ ಒರಗಿಸಿದರೆ, "ಸುಣ್ಣ ಕೀಳುತ್ತೆ, ಇಳೀರಿ" ಎಂದರೆ ಮುಗಿಯಿತು, ಇಳಿಯಲೇಬೇಕು.

ನಿರ್ದೇಶಕ ಶ್ರೀಧರ್ ಇನ್ನೂ ಹುಡುಗ. ಕೆಲಸ ಬಲ್ಲವನು, ತಾಳ್ಮೆ ಮಾತ್ರ ಕಡಿಮೆ. ಮೊದಲ ದಿನ ನನ್ನದು ಪಕ್ಕದ ಮನೆಯಾಕೆಯ ಪಾತ್ರ. ನಗು ಬರಿಸುವ ಒಂದು ಒಳ್ಳೆ ಮಾತು ಹೇಳಿದೆ, ಹೇಳಿ ನಿಂತೆ. ಎದುರಿಗಿದ್ದ ನಟಿ ನನ್ನನ್ನೇ ನೋಡಿದಳು. ನಾನು ಇನ್ನೂ ನಿಂತೇ ಇದ್ದೆ.

"ಕಟ್! ಏನ್ ಮೇಡಂ, ಡೈಲಾಗ್ ಮರ್ತೋಯ್ತಾ?"

ಇಲ್ಲ ಸಾರ್ ಎಂದೆ. ನಗುವಿಗೆ ಕಾಯುತ್ತಿದ್ದೆ ಎಂದು ಹೇಗೆ ಹೇಳಲಿ? ಅಲ್ಲಿ ಮಾತುಗಳನ್ನು ಶೂಟಿಂಗ್ ನಡೆಯುವಾಗಲೇ ರೆಕಾರ್ಡು ಮಾಡುತ್ತಿದ್ದರು, ಯಾರೂ ಕೆಮ್ಮುವ ಹಾಗೂ ಇಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುವ ಮನೆಯಲ್ಲಿ ನಾನೊಬ್ಬಳು ಟೆಂಟು ತುಂಬ ಜನರ ನಗು ಇಳಿಯಲೆಂದು ಕಾಯುತ್ತಿದ್ದೇನೆ! ಇನ್ನೊಂದು ಟೇಕು, ಮತ್ತೆ ಅದೇ. ನಿಲ್ಲಬಾರದು ಎಂದು ಮನಸ್ಸಿಗೆ ಗೊತ್ತು, ಅಂಗಾಲಿಗೆ ಗೊತ್ತಿಲ್ಲ. ಹೀಗೆಯೇ ಹಲವು ದಿನ ನಡೆಯಿತು. ಮ್ಯಾನೇಜರು ಒಂದು ಸಂಜೆ ಹತ್ತಿರ ಬಂದು, "ಕಮಲಮ್ಮ, ನಿಮ್ ಪಾತ್ರ ಊರಿಗೆ ಹೋಗ್ಬಿಡುತ್ತೆ ಅಂತಿದಾರೆ ಸಾರ್" ಎಂದರು. ಸೀರಿಯಲ್ಲಿನಲ್ಲಿ ಪಾತ್ರ ಊರಿಗೆ ಹೋಯಿತೆಂದರೆ ತಿರುಗಿ ಬರುವುದಿಲ್ಲ. ಅದು ಹೋದರೆ ನನಗೆ ಉಳಿದದ್ದು ಮತ್ತೆ ಪೊರಕೆ ಏಟು.

ಅವತ್ತು ಪ್ಯಾಕಪ್ ಆದ ಮೇಲೆ ವೆರಾಂಡದಲ್ಲಿ ಮುಖ ಒರೆಸಿಕೊಳ್ಳುತ್ತಾ ಕೂತಿದ್ದೆ. ರಾಜಮ್ಮನವರು ಬಂದು ಎದುರಿಗೆ ನಿಂತರು. "ಏಳಮ್ಮ. ಒಂದ್ ಮಾತು ಕೇಳ್ತೀನಿ. ಮಾತು ಹೇಳಿದ್ಮೇಲೆ ಯಾಕ್ ನಿಲ್ತೀಯ?"

ಹೇಳಿದೆ. ಕಂಪನಿ, ಹನುಮಂತಣ್ಣ, ಎಲೆ ಎತ್ತಬಾರದು, ಎಲ್ಲವನ್ನೂ. ಆಕೆ ಮುಖ ಸಡಿಲಿಸದೆ ಕೇಳಿಸಿಕೊಂಡರು.

"ನಿಲ್ಲೋದು ತಪ್ಪಲ್ಲ. ನಿಂತಾಗ ನಿನ್ ಮುಖದಲ್ಲಿ ಏನೂ ಇರಲ್ಲ, ಅದು ತಪ್ಪು. ಪಾಠ ಓದ್ಕೊಂಡು ಬರ್ದೆ ಇರೋ ಹುಡುಗ್ರು ಹೀಗೇ ನಿಲ್ತಾರೆ. ಕಾಯೋದಾದ್ರೆ ಏನನ್ನಾದ್ರೂ ಹುಡುಕ್ತಾ ಕಾಯಿ. ಆಗ ಯಾರೂ ಬೈಯಲ್ಲ."

ಮಾರನೆಯ ದಿನದ ಸೀನಿನಲ್ಲಿ ನಾನು ಪಕ್ಕದ ಮನೆಗೆ ಸಕ್ಕರೆ ಕೇಳಲು ಬಂದು, ಆ ಮನೆಯವರನ್ನೇ ಜಿಪುಣರು ಎಂದು ಬೈಯಬೇಕಿತ್ತು. ಮಾತು ಹೇಳಿದೆ. ಅಂಗಾಲು ಎಂದಿನಂತೆ ನಿಂತಿತು. ಆದರೆ ಈ ಸಲ ಸೆರಗಿನ ತುದಿಯಲ್ಲಿ ಏನನ್ನೋ ಹುಡುಕಿದೆ, ಸೊಂಟ ತಡವಿದೆ, ತಂದಿದ್ದ ಖಾಲಿ ಲೋಟದೊಳಗೆ ಇಣುಕಿದೆ. ಏನು ಹುಡುಕುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಡುಗೆಮನೆ ಕಡೆಯಿಂದ ಢಣ್ ಎಂದು ಸ್ಟೀಲ್ ತಟ್ಟೆ ಬಿದ್ದ ಸದ್ದು. ಶ್ರೀಧರ್ "ಯಾರ್ರೀ ಅದೂ!" ಎಂದು ಕೂಗಿಕೊಂಡು ಹೋಗಿ ಹಾಗೆಯೇ ಹಿಂದಕ್ಕೆ ಬಂದ. ಒಳಗೆ ರಾಜಮ್ಮನವರು ಸೆರಗನ್ನು ಬಾಯಿಗೆ ತುರುಕಿಕೊಂಡು, ಗೋಡೆ ಹಿಡಿದು ನಗುತ್ತಿದ್ದರು.

ಶ್ರೀಧರ್ ನನ್ನ ಕಡೆ ತಿರುಗಿದ. "ಮೇಡಂ, ಆ ಹುಡುಕಾಟ ಇರ್ಲಿ. ಇನ್ನೊಂದ್ ಟೇಕ್ ಹೋಗೋಣ" ಎಂದ. ನನ್ನ ಪಾತ್ರ ಊರಿಗೆ ಹೋಗಲಿಲ್ಲ. ಸೀರಿಯಲ್ ಮುಗಿಯುವ ತನಕ ಇತ್ತು. ಆಮೇಲೆ ಬಂದ ಪಾತ್ರಗಳಲ್ಲೂ ಜನ ಅದನ್ನೇ ಕೇಳಿದರು. ಜಯನಗರ ನಾಲ್ಕನೇ ಬ್ಲಾಕಿನ ತರಕಾರಿಯವರು ನನ್ನನ್ನು ಕಂಡರೆ, "ಏನ್ ಮೇಡಂ, ಇವತ್ತೇನ್ ಕಳ್ದೋಯ್ತು?" ಎನ್ನುತ್ತಿದ್ದರು. ನಾನು ಚೀಲದೊಳಗೆ ತಲೆ ಹಾಕಿ ಹುಡುಕಿ ತೋರಿಸಿದರೆ ಒಂದು ಕಟ್ಟು ಕೊತ್ತಂಬರಿ ಜಾಸ್ತಿ ಬೀಳುತ್ತಿತ್ತು.

ಕೆಲಸದ ರೀತಿ ಬೇಗಬೇಗ ಬದಲಾಯಿತು. ಮೊದಲೆಲ್ಲ ಹಿಂದಿನ ದಿನವೇ ಸೀನು ಕೈಗೆ ಬರುತ್ತಿತ್ತು, ಓದಿಕೊಂಡು ಹೋಗುತ್ತಿದ್ದೆವು. ದಿನಾ ಒಂದು ಕಂತು ಎಂದಾದ ಮೇಲೆ ಸೀನಿನ ಹಾಳೆ ಇಡ್ಲಿ ತಟ್ಟೆಯ ಜತೆಗೇ ಬರತೊಡಗಿತು. ಕ್ಯಾಮೆರಾ ಪಕ್ಕದಲ್ಲಿ ಒಬ್ಬರು ನಿಂತು ಮಾತನ್ನು ಓದಿ ಹೇಳುತ್ತಾರೆ, ನಾವು ಕೇಳಿಸಿಕೊಂಡು ಹೇಳುತ್ತೇವೆ, ದನಿ ಆಮೇಲೆ ಡಬ್ಬಿಂಗಿನಲ್ಲಿ ಸೇರುತ್ತದೆ. ಹೊಸ ಹುಡುಗರಿಗೆ ಅದೇ ರೂಢಿ, ಅವರನ್ನು ಬೈಯುವುದಿಲ್ಲ. ನನಗೂ ವಯಸ್ಸಾಗಿತ್ತು, ಮಾತು ಬಾಯಿಪಾಠ ಮಾಡುವ ಕಷ್ಟ ತಪ್ಪಿತು ಎಂದು ಒಳಗೊಳಗೇ ಖುಷಿಪಟ್ಟೆ. ಆದರೆ ಮಾತು ಕಿವಿಗೆ ಬೀಳುವ ತನಕ ಎಲ್ಲರೂ ಒಂದು ಗಳಿಗೆ ಶೂನ್ಯ ನೋಡುತ್ತಾ ನಿಲ್ಲುತ್ತಾರೆ. ಆ ಗಳಿಗೆಯಲ್ಲಿ ಹುಡುಕಿ ಮಕ್ಕಳೇ, ಏನನ್ನಾದರೂ ಹುಡುಕಿ. ರಾಜಮ್ಮನವರ ಆ ಮಾತು ನನಗೆ ಕೊನೆಯ ದಿನದ ತನಕ ಅನ್ನ ಹಾಕಿತು.

ಎರಡು ಸಾವಿರದ ಇಸವಿಯ ಈಚೆಗೆ ಹಾಸ್ಯದ ಕಾರ್ಯಕ್ರಮಗಳಿಗೆ ನಗುವಿನ ಟ್ರ್ಯಾಕ್ ಸೇರಿಸುವುದು ಬಂತು. ನಮ್ಮ ಮಾತು ಮುಗಿಯುತ್ತಿದ್ದ ಹಾಗೆ ಟಿವಿಯೇ ಹಹ್ಹಾ ಎನ್ನುತ್ತದೆ. ಹನುಮಂತಣ್ಣ ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದಾಗ ನನ್ನದೇ ಕಾರ್ಯಕ್ರಮ ಬರುತ್ತಿತ್ತು. ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡು, "ಯಾರೇ ಇವ್ರು ನಗ್ತಿರೋದು?" ಎಂದರು.

"ಯಾರೂ ಇಲ್ಲಣ್ಣ, ಆಮೇಲೆ ಸೇರಿಸ್ತಾರೆ."

"ಬಾಡಿಗೆ ನಗುವಾ? ಅದಕ್ಕೇ ಎಲ್ಲಾದಕ್ಕೂ ಒಂದೇ ಥರ ನಗ್ತಾರೆ. ನೀನ್ ಬಂದು ಚಪ್ಪಲಿ ಬಿಟ್ಟಿದ್ದಕ್ಕೂ ನಕ್ರಲ್ಲೇ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ನನ್ನ ಯಜಮಾನರಿಗೆ ಕಾಫಿ ನೆತ್ತಿಗೇರಿತು. ಹನುಮಂತಣ್ಣ ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ ಎಂದುಕೊಂಡೆ, ಯಾಕೆಂದರೆ ಸ್ವಲ್ಪ ದಿನದಲ್ಲೇ ಅವರಿಗೆ ಲಕ್ವ ಹೊಡೆಯಿತು.

ಎಡಗೈ ಸೋತಿತು. ಕಾಲು ಎಳೆದರೂ ನಡೆಯುತ್ತಿದ್ದರು. ತಲೆ ಸರಿಯಾಗಿತ್ತು, ಮಾತೂ ಹೋಗಿರಲಿಲ್ಲ. ಆದರೆ ಒಂದು ಮಾತು ಕೇಳಿದರೆ ಉತ್ತರ ಬಾಯಿಗೆ ಬರಲು ತುಂಬ ಹೊತ್ತು ಹಿಡಿಯುತ್ತಿತ್ತು. ಮಾತಾಡಿದಷ್ಟೂ ಸುಧಾರಿಸುತ್ತದೆ ಎಂದು ಡಾಕ್ಟರು ಹೇಳಿದರು. ಇವರು ಮಾತಾಡುವುದನ್ನೇ ಬಿಟ್ಟರು. ಬಂದವರ ಎದುರು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ನಾನು ಹೋಗಿ ಕಾಟ ಕೊಟ್ಟಾಗ ಒಂದು ದಿನ ಕಷ್ಟಪಟ್ಟು ಹೇಳಿದರು: "ನಗ್ಸೋನು... ತಡವಾಗಿ ಮಾತಾಡಿದ್ರೆ... ಜನ ನಗಲ್ಲ ಕಣೇ. ಅಯ್ಯೋ ಪಾಪ ಅಂತಾರೆ."

ನನಗೆ ಸಂಕಟವಾಯಿತು, ಸಿಟ್ಟೂ ನೆತ್ತಿಗೇರಿತು. ಊರೆಲ್ಲ ನಗಿಸಿದವರು 'ಅಯ್ಯೋ ಪಾಪ' ಎಂಬ ಎರಡು ಮಾತಿಗೆ ಹೆದರಿ ಗೋಡೆ ನೋಡಿಕೊಂಡು ಬಿದ್ದಿರುವುದೇ? ಇವರಿಗೆ ಇನ್ನೊಂದು ಸಲ ಜನರ ನಗು ಕೇಳಿಸಿಯೇ ತೀರುತ್ತೇನೆ ಎಂದುಕೊಂಡೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ. ಅವತ್ತಿನಿಂದ ಸುದ್ದಗುಂಟೆಪಾಳ್ಯಕ್ಕೆ ಹೋದಾಗಲೆಲ್ಲ ಬಾಗಿಲಲ್ಲೇ ನಿಂತು ಸೊಂಟಕ್ಕೆ ಕೈ ಕೊಟ್ಟು ಕೇಳುತ್ತಿದ್ದೆ: "ಎಮ್ಮೆ ಎಲ್ರೀ?"

 ಕೆಲವು ಸಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಒಂದು ಸಲ ಬಲಗೈಯಿಂದ ಹೋಗು ಎಂದು ಸನ್ನೆ ಮಾಡಿದರು. "ಎಮ್ಮೆ ಕಳ್ಕೊಂಡು ಬಂದಿರೋರು ನೀವು, ನನ್ ಮೇಲ್ ಯಾಕೆ ರೇಗ್ತೀರಾ" ಎಂದು ನಾನೂ ಬಿಡಲಿಲ್ಲ. ಪದ್ಮ ನನ್ನನ್ನು ಹೊರಗೆ ಕರೆದು, "ಬೇಡ ಕಮಲಕ್ಕ, ಅಪ್ಪಂಗೆ ನೋವಾಗುತ್ತೆ" ಎಂದಳು. ಆದರೂ ಮುಂದಿನ ಸಲ ಹೋಗಿ ಕೇಳಿದೆ.

ಒಂದು ಮಧ್ಯಾಹ್ನ ಎಂದಿನಂತೆ ಕೇಳಿದೆ. ಅವರು ಗೋಡೆ ನೋಡುತ್ತಲೇ ಇದ್ದರು. ಒಳಗೆ ಹೋಗಿ ಪದ್ಮಳ ಜತೆ ಅವರೆಕಾಯಿ ಬಿಡಿಸುತ್ತಾ, ಅವಳ ಓರಗಿತ್ತಿಯ ಕಥೆಯೆಲ್ಲ ಕೇಳಿ ಮುಗಿಸಿದೆ. ಎಮ್ಮೆಯ ವಿಷಯ ನನಗೇ ಮರೆತುಹೋಗಿತ್ತು. ಆಗ ಹಾಲಿನಿಂದ ದನಿ ಬಂತು.

"ಅದೂ... ನಿನ್ನನ್ನೇ... ಕೇಳ್ತಿತ್ತು ಕಣೇ."

ಪದ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ನಗು ಒತ್ತರಿಸಿಕೊಂಡು ಬಂತು. ಕಾಳೆಲ್ಲ ನೆಲಕ್ಕೆ ಚೆಲ್ಲಿತು, ನಮಗೆ ಎದ್ದು ನಿಲ್ಲಲೂ ಆಗಲಿಲ್ಲ. ಆ ಮಾತನ್ನು ಟೆಂಟುಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇಷ್ಟು ನಗು ಯಾವತ್ತೂ ಬಂದಿರಲಿಲ್ಲ. ತಡವಾಗಿ ಬಂದದ್ದಕ್ಕೇ ಅಷ್ಟು ನಗು! ಕಣ್ಣೀರು ಒರೆಸಿಕೊಂಡು ಹಾಲಿಗೆ ಹೋದೆ.

"ಕೇಳಿಸ್ತಾ ಅಣ್ಣ? ಅಯ್ಯೋ ಪಾಪ ಅಂದ್ವಾ ನಾವು?"

ಅವರು ಗೋಡೆ ಕಡೆಯಿಂದ ಈ ಕಡೆ ತಿರುಗಿ ಮಲಗಿದ್ದರು. ಮೀಸೆ ಕುಣಿಯುತ್ತಿತ್ತು.

ಶಿಲ್ಪಾ ನನ್ನ ಬಳಿ ಬರತೊಡಗಿದ್ದು ಆ ದಿನಗಳಲ್ಲೇ. ಗದಗಿನ ಕಡೆಯ ಹುಡುಗಿ, ಬಿಟಿಎಂನಲ್ಲಿ ಗೆಳತಿಯರ ಜತೆ ರೂಮು ಮಾಡಿಕೊಂಡು ಆಫೀಸಿಗೆ ಹೋಗುತ್ತಿದ್ದಳು. ರಜೆಯ ದಿನ ಒಂದಿಷ್ಟು ಜನ ಸೇರಿ ನಾಟಕ ಮಾಡುತ್ತಿದ್ದರು. "ಅಮ್ಮಾ, ನನಗ ನಗಸೂದು ಕಲಸ್ರಿ. ನಮ್ಮಜ್ಜಿ ಕಂಪನಿ ನಾಟಕದ ಕಥಿ ಹೇಳಿ ಹೇಳಿ ನನ್ನ ತಲಿ ಕೆಡಿಸ್ಯಾಳ" ಎಂದಳು. ಜೆ.ಪಿ. ನಗರದ ಒಂದು ಸಣ್ಣ ಹಾಲಿನಲ್ಲಿ ಹಳೆಯ ಹಾಸ್ಯದ ಸೀನುಗಳನ್ನು ಆಡಿಸಬೇಕೆಂದು ಅವಳ ಆಸೆ. ಎಮ್ಮೆಯ ಸೀನು ನಾನೇ ಮಾಡುತ್ತೇನೆ, ಗಂಡನ ಪಾತ್ರಕ್ಕೆ ಜನ ಇದ್ದಾರೆ ಎಂದೆ.

ಒಪ್ಪಿಸುವುದು ಸುಲಭವಾಗಲಿಲ್ಲ. ಹನುಮಂತಣ್ಣ ಮೂರು ಸಲ ಹೂಂ ಎಂದು ನಾಲ್ಕು ಸಲ ಉಹೂಂ ಎಂದರು. ಕಡೆಗೆ ನನ್ನ ಯಜಮಾನರು ಹಾರ್ಮೋನಿಯಂ ಹೊತ್ತುಕೊಂಡು ಅವರ ಮನೆಗೆ ಹೋಗಿ, ಅವರು ರಂಗಕ್ಕೆ ಬರುವಾಗ ನುಡಿಸುತ್ತಿದ್ದ ತುಣುಕನ್ನು ನುಡಿಸಿದರು. ಎಳೆಯುವ ಕಾಲು ತಾನಾಗಿಯೇ ತಾಳ ಹಾಕಿತು. ಆಮೇಲೆ ಅವರು ಉಹೂಂ ಎನ್ನಲಿಲ್ಲ.

ಆ ಸಂಜೆ ಹಾಲು ತುಂಬಿತ್ತು. ಜಯನಗರದ ಹಿರಿಯರು, ಶಿಲ್ಪಾಳ ಆಫೀಸಿನ ಹುಡುಗ ಹುಡುಗಿಯರು, ಮುಂದಿನ ಸಾಲಿನಲ್ಲಿ ಪದ್ಮ. ಪರದೆಯ ಹಿಂದೆ ಶಿಲ್ಪಾ ಮೈಕು ಹಿಡಿದು ನಿಂತಿದ್ದಳು. "ಅಮ್ಮಾ, ಅಜ್ಜಾರಿಗೆ ಆರಾಮಿಲ್ಲ ಅಂತ ಮೊದಲ ಹೇಳಿಬಿಟ್ರ ಚಲೋ ಅಲ್ರಿ? ಮಂದಿ ತಿಳ್ಕೋತಾರ."

"ಬಾಯ್ ಮುಚ್ಕೊಂಡಿರು ತಾಯಿ" ಎಂದೆ. "ಆ ಮಾತು ಮೈಕಲ್ಲಿ ಬಂತು ಅಂದ್ರೆ ಮುಗೀತು. ಜನ ನಗೋಕ್ ಬದ್ಲು ಕರ್ಚೀಫ್ ತೆಗೀತಾರೆ."

ಜೋರಾಗಿ ಹೇಳಿದೆನಾದರೂ ನನಗೂ ಅದೇ ಭಯ. ಒಂದು ಬಾಯಿಂದ 'ಛೇ ಪಾಪ' ಎಂದು ಕೇಳಿಸಿದರೆ ಈ ಮನುಷ್ಯ ಮತ್ತೆ ಗೋಡೆಗೆ ತಿರುಗುತ್ತಾರೆ, ಮತ್ತೆ ಈ ಕಡೆ ತಿರುಗುವುದಿಲ್ಲ. ಕರೆತಂದವಳು ನಾನು.

ಹಾರ್ಮೋನಿಯಂ ಶುರುವಾಯಿತು. ಹನುಮಂತಣ್ಣ ಕಂಬಳಿಯೊಳಗೆ ಎಡಗೈ ಇಟ್ಟುಕೊಂಡು, ಬಲಗೈಯಲ್ಲಿ ಹಗ್ಗ ಎಳೆಯುತ್ತಾ ಬಂದರು. ಕಾಲು ಎಳೆಯುವುದಕ್ಕೂ ಹಗ್ಗ ಎಳೆಯುವುದಕ್ಕೂ ಸರಿಹೊಂದಿತು. ಜನ ಸಣ್ಣಗೆ ನಕ್ಕರು. ನಾನು ಹಗ್ಗದ ತುದಿ ನೋಡಿದೆ. ಸೊಂಟಕ್ಕೆ ಕೈ ಕೊಟ್ಟೆ.

"ಎಮ್ಮೆ ಎಲ್ರೀ?"

ಅವರು ಬಾಯಿ ತೆರೆದರು. ಮಾತು ಬರಲಿಲ್ಲ. ತುಟಿ ಅಲುಗಿತು, ಕಣ್ಣಿನಲ್ಲಿ ಗಾಬರಿ ಕಾಣಿಸಿತು.  ಪಕ್ಕದ ಪರದೆಯ ಹಿಂದಿನಿಂದ ಶಿಲ್ಪಾ ಮಾತು ಹೇಳಿಕೊಡಲು ಬಗ್ಗಿದಳು. ಬೇಡ ಎಂದು ಬೆನ್ನ ಹಿಂದೆ ಕೈಯಾಡಿಸಿದೆ. ಅವರ ಮಾತನ್ನು ನಾನೇ ಹೇಳಿ ಸೀನು ಮುಗಿಸಬಹುದಿತ್ತು. ಹೇಳಲಿಲ್ಲ. ನಿಂತೆ, ನಿಂತು ಹುಡುಕಲು ಶುರುಮಾಡಿದೆ.

ಹಗ್ಗವನ್ನು ತುದಿಯಿಂದ ಅವರ ಕೈತನಕ ಗೇಣು ಹಾಕಿ ನೋಡಿದೆ. ಅವರ ಬೆನ್ನ ಹಿಂದೆ ಇಣುಕಿದೆ. ಅಷ್ಟು ತೆಳ್ಳಗಿನ ಮೈಯ ಹಿಂದೆ ಎಮ್ಮೆ ಹುಡುಕುವುದನ್ನು ಕಂಡು ಯಾರೋ ಕಿಸಕ್ಕೆಂದರು. ಕಂಬಳಿ ಎತ್ತಿ ನೋಡಿದೆ. ನಗು ಎರಡನೆಯ ಸಾಲಿಗೆ ಹಬ್ಬಿತು. ರಂಗದ ಮೂಲೆಯಲ್ಲಿದ್ದ ಕುರ್ಚಿಯ ಕೆಳಗೆ ಬಗ್ಗಿ, "ಬಾ ಬಾ" ಎಂದು ಕರೆದೆ. ಹಾಲು ಪೂರ್ತಿ ನಕ್ಕಿತು. ಎಷ್ಟೋ ವರ್ಷಗಳ ಮೇಲೆ ನನ್ನ ಅಂಗಾಲಿಗೆ ಆ ನಗು ಏರುವುದು ತಿಳಿಯಿತು. ಬಗ್ಗಿದಲ್ಲಿಂದಲೇ ಹನುಮಂತಣ್ಣನ ಮುಖ ನೋಡಿದೆ. ಗಾಬರಿ ಹೋಗಿತ್ತು. ತಲೆ ಒಂದಿಷ್ಟು ಓರೆ ಮಾಡಿ, ಆ ನಗುವನ್ನು ಕೇಳಿಸಿಕೊಳ್ಳುತ್ತಾ ನಿಂತಿದ್ದರು. ಅದು ಇಳಿಯತೊಡಗಿದಾಗ ನಿಧಾನವಾಗಿ ಜನರ ಕಡೆ ತಿರುಗಿದರು. ಬಲಗೈ ಎತ್ತಿ, ನಗುತ್ತಿದ್ದ ಇಡೀ ಹಾಲನ್ನು ತೋರಿಸಿದರು.

"ಅಗೋ... ಕೂತ್ಕೊಂಡು... ನಗ್ತಾ ಇದೆ."

ಆಮೇಲೆ ಏನಾಯಿತು ಎಂದು ಹೇಗೆ ಬರೆಯಲಿ! ಚಾವಣಿ ಹಾರಿಹೋಗುವಂಥ ನಗು. ಹಿರಿಯರೊಬ್ಬರು ಕೋಲಿನಿಂದ ನೆಲ ಕುಟ್ಟಿದರು, ಹುಡುಗರು ಎದ್ದು ನಿಂತು ಶಿಳ್ಳೆ ಹಾಕಿದರು, ಹಾರ್ಮೋನಿಯಂ ಮಾಸ್ತರು ನುಡಿಸುವುದನ್ನು ಬಿಟ್ಟು ಪೆಟ್ಟಿಗೆಯ ಮೇಲೆ ತಲೆಯಿಟ್ಟು ನಕ್ಕರು. ಮೀಸೆ ಬಂದಾಗಿನಿಂದ ಹೇಳಿಕೊಂಡು ಬಂದಿದ್ದ ಮಾತನ್ನು ಬಿಟ್ಟು, ನಿಂತ ನಿಲುವಿನಲ್ಲಿ ಹೊಸದೊಂದು ಹುಟ್ಟಿಸಿದ್ದರು ಹನುಮಂತಣ್ಣ! ನಾನು ನನ್ನ ಮಾತಿಗೆ ಕಾದೆ. ನಗು ಇಳಿಯಲೇ ಇಲ್ಲ. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳುತ್ತಿತ್ತು. ಕಡೆಗೆ ಶಿಲ್ಪಾ ಬೇರೆ ದಾರಿ ಕಾಣದೆ ಪರದೆ ಎಳೆಸಿದಳು. 'ಅಯ್ಯೋ ಪಾಪ' ಎಂದವರು ಆ ಹಾಲಿನಲ್ಲಿ ಒಬ್ಬರೂ ಇರಲಿಲ್ಲ.

ಆಟೋದಲ್ಲಿ ಸುದ್ದಗುಂಟೆಪಾಳ್ಯಕ್ಕೆ ಹೊರಟೆವು. ಪದ್ಮ ಆ ಕಡೆ, ನಾನು ಈ ಕಡೆ, ನಡುವೆ ಅವರು. ಮೀಸೆಗೆ ಹಚ್ಚಿದ್ದ ಕಪ್ಪು ಇನ್ನೂ ಹೋಗಿರಲಿಲ್ಲ. ನನಗೆ ಒಳಗೆ ಸಂತೋಷ ಹಿಡಿಸಲಾರದಷ್ಟಿತ್ತು, ಆದರೂ ಬಿಡುತ್ತೇನೆಯೇ?

"ಏನಣ್ಣ ನೀವು? ನಿಮ್ದನ್ನ ಹೇಳಿ ನನ್ ಡೈಲಾಗ್ ನುಂಗ್ಬಿಟ್ರಲ್ಲ! ಒಂದೇ ಯಜಮಾನನ ಕೈಲಿ ಕಷ್ಟಪಟ್ಟೋರು ಅಂತ ಹೇಳ್ಕೊಳ್ಳೋಕೂ ಬಿಡ್ಲಿಲ್ಲ!"

 ಆಟೋ ಒಂದು ಸಿಗ್ನಲ್ಲಿನಲ್ಲಿ ನಿಂತು, ಹೊರಟು, ಇನ್ನೊಂದರಲ್ಲಿ ನಿಂತಿತು. ನಿದ್ದೆ ಹತ್ತಿರಬೇಕು ಎಂದುಕೊಂಡೆ. ಮನೆಯ ತಿರುವು ಬಂದಾಗ ನನ್ನ ಮಂಡಿಯ ಮೇಲೆ ಬಲಗೈ ಇಟ್ಟು ಹೇಳಿದರು:

"ಮುಂದಿನ್ ಸಲ... ನಿಂಗೆ... ಜಾಗ ಬಿಡ್ತೀನಿ ಕಣೇ."